ಬಸವ್ವನವರ ಮೊಸರಿನ ಪರೀಕ್ಷೆ

ಬಸವ್ವನವರನ್ನು ನಾನು ಮೊದಲು ಕಂಡದ್ದು ಆರು ವರ್ಷಗಳ ಹಿಂದೆ, ವಿಜಯನಗರದ ನಮ್ಮ ಮನೆಯ ಬಾಗಿಲಲ್ಲಿ. ನನ್ನ ಮಗಳು ವಚನಾಳಿಗೆ ಗಂಡು ತೋರಿಸಲು ಸುಂಕದಕಟ್ಟೆಯಿಂದ ಬಂದಿದ್ದರು. ಒಂದು ಕೈಯಲ್ಲಿ ಹುಡುಗರ ಫೋಟೋ ತುಂಬಿದ ಚೀಲ, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ.

"ಡಬ್ಬೀಲಿ ಏನಮ್ಮ?" ಎಂದೆ.

"ಮೊಸರು ಮೇಷ್ಟ್ರೇ. ಫೋಟೋ ಸುಳ್ಳು ಹೇಳತ್ತೆ, ಮೊಸರು ಹೇಳಲ್ಲ."

ಅವರ ಪದ್ಧತಿಯೇ ಹಾಗೆ. ಹೆಣ್ಣು ನೋಡಲು ಬಂದ ಗಂಡಿಗೆ ಊಟದ ಕೊನೆಗೆ ತಾವೇ ಹೆಪ್ಪು ಹಾಕಿದ ಮೊಸರು ಬಡಿಸುವರು. ಮನಸ್ಸಿದ್ದು ಬಂದವನು ಸುಮ್ಮನೆ ತಿನ್ನುತ್ತಾನೆ. ಮನೆಯವರ ಬಲವಂತಕ್ಕೆ ಬಂದವನು ಹುಳಿ ಎನ್ನುತ್ತಾನೆ, ನೀರು ಎನ್ನುತ್ತಾನೆ. ಅಂಥವನ ಫೋಟೋ ಮರಳಿ ಚೀಲಕ್ಕೆ.

'ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮೂವತ್ತು ವರ್ಷ ಮಕ್ಕಳಿಗೆ ಕೊಟ್ಟವನು ನಾನು. ಮನಸ್ಸಿಲ್ಲದವನಿಗೆ ಎಲ್ಲದರಲ್ಲೂ ತಪ್ಪೇ ಕಾಣುತ್ತದೆ ಎಂದು ಬರೆದರೆ ಪೂರ್ತಿ ಅಂಕ. ಆ ಗಾದೆ ಎಲ್ಲಿ ಹುಟ್ಟಿತೆಂದು ಯಾವ ಮಗುವೂ ಕೇಳಿರಲಿಲ್ಲ.

"ನಮ್ಮನೇಲೇ ಹುಟ್ಟಿದ್ದು!" ಎಂದು ಬಸವ್ವ ನಕ್ಕರು. "ನಮ್ಮ ಯಜಮಾನ್ರನ್ನ ಅವರಪ್ಪ ಬೈದು ಮಂಟಪಕ್ಕೆ ಎಳ್ಕೊಂಡು ಬಂದಿದ್ರು. ಮಾರನೇ ದಿನವೇ ಮೊಸರಲ್ಲಿ ಕಲ್ಲಿದೆ ಅಂದ್ರು. ಬಟ್ಟೇಲಿ ಸೋಸಿ ಕೊಟ್ಟೆ, ಆಗಲೂ ಕಲ್ಲು! ಹನ್ನೊಂದು ವರ್ಷ ಸಿಕ್ತಾನೇ ಇತ್ತು. ಕೂಡಿಟ್ಟಿದ್ರೆ ಮನೆಗೆ ಪಾಯ ಹಾಕ್ಬೋದಿತ್ತು."

"ಆಮೇಲೆ?"

"ಒಂದಿನ 'ಇನ್ನೊಂಚೂರು ಬಡ್ಸು' ಅಂದ್ರು. ಜ್ವರ ಬಂತೇನೋ ಅಂತ ಹಣೆ ಮುಟ್ಟಿ ನೋಡ್ದೆ." ನಗು ಮುಗಿದ ಮೇಲೆ ಮೆಲ್ಲಗೆ ಹೇಳಿದರು: "ಆದ್ರೂ ಹನ್ನೊಂದು ವರ್ಷ ಯಾರಿಗೂ ಬೇಡ ಮೇಷ್ಟ್ರೇ."

ಮುಂದಿನ ಭಾನುವಾರ ಬಸವೇಶ್ವರನಗರದ ಸಿದ್ದಲಿಂಗೇಶ್ ಎಂಬ ಗಂಡು ಬಂದ. ಬಟ್ಟಲು ಖಾಲಿ ಮಾಡಿ ಬೆರಳನ್ನೂ ನೆಕ್ಕಿದ. ನಾನು ಮನಸ್ಸಿನಲ್ಲೇ ಕಲ್ಯಾಣ ಮಂಟಪ ಗೊತ್ತುಮಾಡಿಬಿಟ್ಟೆ.

ಗಂಡಿನ ಕಡೆಯವರು ಹೊರಟ ಮೇಲೆ ವಚನಾ ಊಟಕ್ಕೆ ಕುಳಿತಳು. ಅದೇ ಡಬ್ಬಿಯ ಮೊಸರು. ಒಂದು ತುತ್ತು ತಿಂದು ತಟ್ಟೆ ಸರಿಸಿದಳು. "ಥೂ, ಹುಳಿ. ಹಲ್ಲಿಗೆ ಬೇರೆ ಏನೋ ಸಿಕ್ಕ ಹಾಗಿದೆ."

ಬಸವ್ವ ನನ್ನತ್ತ ತಿರುಗಿದರು. "ಸಿಕ್ತಲ್ಲ ಮೇಷ್ಟ್ರೇ ಕಲ್ಲು! ಮದುವೆ ಬೇಕಾ ಅಂತ ಈ ಮಗೂನ ಒಂದ್ಸಲನಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ಗಾದೆಯಲ್ಲಿ ಇದ್ದದ್ದು ಗಂಡ ಮಾತ್ರ. ಹೆಂಡತಿಯ ಮಾತೇ ಇರಲಿಲ್ಲವಲ್ಲ! ಆಗ ಕೇಳಿದೆ.

"ಈಗ ಬೇಡಪ್ಪಾ," ಎಂದಳು ತಲೆ ತಗ್ಗಿಸಿ. "ನೀವು ಅಷ್ಟು ಖುಷಿಯಾಗಿದ್ರಿ, ಹೇಗೆ ಹೇಳ್ಲಿ?"

ಗಂಡಿನ ಮನೆಗೆ ಬಸವ್ವನವರೇ ಫೋನ್ ಮಾಡಿದರು. ಕಾಣದವರಿಗೆ ಕೈ ಮುಗಿಯುತ್ತಲೇ ಮಾತನಾಡಿದರು. ಬಳಿಕ ತಮ್ಮ ಹಣೆಯನ್ನೇ ಬಡಿದುಕೊಂಡು, "ನಾನೆಂಥ ಪೆದ್ದಿ! ಇಷ್ಟು ವರ್ಷ ಹೆಣ್ಣುಮಕ್ಕಳಿಗೆ ಬಡಿಸ್ಲೇ ಇಲ್ಲ," ಎಂದರು.

ಈಗ ಅವರಿಗೆ ಎಪ್ಪತ್ತೆರಡು, ಮಂಡಿನೋವು. ಸಂಬಂಧ ಕೂಡಿಸುವುದನ್ನು ಮಾತ್ರ ಬಿಟ್ಟಿಲ್ಲ. ಕಳೆದ ಭಾನುವಾರ ಕೆಂಗೇರಿ ಉಪನಗರಕ್ಕೆ ಹೊರಟಿದ್ದರು. ವಚನಾಳೇ ಸ್ಕೂಟರಿನಲ್ಲಿ ಕೂರಿಸಿಕೊಂಡಳು. ಬಸವ್ವನವರ ತೊಡೆಯ ಮೇಲೆ ಹಳೆಯ ಡಬ್ಬಿ, ಚೀಲದಲ್ಲಿ ಈಗ ಎರಡು ಬಟ್ಟಲು.

"ಮೆಲ್ಲಗೆ ಹೋಗೇ!" ಎಂದು ಕೂಗುತ್ತಿದ್ದರು. "ಮೊಸರು ಕದಡಿದ್ರೆ ಇಬ್ಬರೂ ಒಲ್ಲೆ ಅಂತಾರೆ ಕಣೇ!"