ಕಿತ್ತವರ ಕಟ್ಟಿಗೆ

ನಮ್ಮ ಯರಗುಪ್ಪಿಯಲ್ಲಿ ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದಲ್ಲಿ ಒಣಗಿ ನಿಲ್ಲುವ ಕಟ್ಟಿಗೆ ಯಾರದು ಎಂದು ಯಾರೂ ಕೇಳುತ್ತಿರಲಿಲ್ಲ. ಕಿತ್ತವರದು. ಹೊಲದವರಿಗೆ ಪುಕ್ಕಟೆಯಾಗಿ ಹೊಲ ಹಸನಾಗುತ್ತಿತ್ತು, ಕಿತ್ತವರಿಗೆ ವರ್ಷದ ಉರುವಲು ಸಿಗುತ್ತಿತ್ತು. ಕೂಲಿಯ ಮಾತೇ ಇಲ್ಲ. ಇಷ್ಟು ಸರಳವಾದದ್ದನ್ನು ಕೆಡಿಸಲು ಓದಿದವರೇ ಬೇಕಾಯಿತು. ಆ ಓದಿದವರಲ್ಲಿ ನಾನೂ ಒಬ್ಬಳು. ಹನ್ನೊಂದು ವರ್ಷದಿಂದ ಇಲ್ಲಿಯ ಶಾಲೆಯಲ್ಲಿ ಕಲಿಸುತ್ತಿದ್ದೇನೆ.

ಮಹಾದೇವಕ್ಕ ರೊಟ್ಟಿ ಬಡಿದು ಬದುಕುವವಳು. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಮಾಡಿ ಬಸ್ಸಿನಲ್ಲಿ ಕುಂದಗೋಳದ ಖಾನಾವಳಿಗೆ ಕಳಿಸುತ್ತಾಳೆ. ಗಂಡ ಸತ್ತ ಮೇಲೆ ಇದರ ಮೇಲೆಯೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದಳು. ಮನೆಯಲ್ಲಿ ಸಿಲಿಂಡರ್ ಇದೆ, ಆದರೆ ಇನ್ನೂರು ರೊಟ್ಟಿಗೆ ಅದು ಎಷ್ಟು ದಿನ ಬಾಳೀತು? ಅದು ಚಹಾಕ್ಕೆ ಮಾತ್ರ. ರೊಟ್ಟಿಗೆ ಹತ್ತಿಕಟ್ಟಿಗೆಯೇ ಆಗಬೇಕು. ಭಗ್ಗನೆ ಹತ್ತಿಕೊಳ್ಳುತ್ತದೆ, ಹಿಂದಕ್ಕೆ ಎಳೆದರೆ ಉರಿ ತಗ್ಗುತ್ತದೆ. ಅವಳ ನಾಲಗೆಯ ಉರಿಯನ್ನು ಮಾತ್ರ ಯಾರೂ ತಗ್ಗಿಸಲಾರರು. ರೊಟ್ಟಿ ಗಟ್ಟಿಯಾಗಿದೆ ಎಂದ ಖಾನಾವಳಿ ಮಾಲೀಕನಿಗೆ, "ರೊಟ್ಟಿ ಅಲ್ಲಪಾ, ನಿನ್ನ ಹಲ್ಲು ನೋಡ್ಕೋ" ಎಂದಿದ್ದಳು.

ಈ ಸಲ ಶಂಕ್ರಪ್ಪನವರ ಒಂದೂವರೆ ಎಕರೆ ಹತ್ತಿಹೊಲ ಕೀಳಲು ಹಿಡಿದಳು. ನಸುಕಿನಲ್ಲಿ ರೊಟ್ಟಿ, ಆಮೇಲೆ ಹೊಲ. ಬಗ್ಗಿ ಬಗ್ಗಿ ಒಂದೊಂದೇ ಗಿಡವನ್ನು ಬೇರು ಸಮೇತ ಕೀಳುತ್ತ ಹದಿನೈದು ದಿನ ದುಡಿದಳು. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಹೊರೆ ಕಟ್ಟಿ ಬದುವಿನ ಮೇಲೆ ಒಣಗಲು ಒಟ್ಟಿ ಬಂದಳು.

ಶಂಕ್ರಪ್ಪನವರ ಮಗ ಹೇಮಂತ ಆ ಒಟ್ಟನ್ನು ಅವಳಿಗೆ ಒಂದು ಮಾತೂ ಹೇಳದೆ ಲಾರಿಗೆ ಹೇರಿಸಿದ. ಹೊಲದ ಕಸವನ್ನು ಪುಡಿಮಾಡಿ, ಒತ್ತಿ, ಕಾರ್ಖಾನೆಗಳಿಗೆ ಸೌದೆಯ ಬದಲು ಮಾರುವ ಕಂಪನಿಯ ಲಾರಿ ಅದು. ಹೊರೆ ತರಲು ಚಕ್ಕಡಿ ಹೊಡೆಸಿಕೊಂಡು ಹೋದ ಮಹಾದೇವಕ್ಕನಿಗೆ ಬರೀ ಬದುವು ಕಂಡಿತು. ಹಾಗೆಯೇ ಶಂಕ್ರಪ್ಪನವರ ಮನೆಯ ಕಟ್ಟೆಗೆ ಬಂದಳು. ಬೀದಿಯಲ್ಲಿದ್ದ ನಾನೂ ನಿಂತೆ.

"ನನ್ನ ಕಟಿಗಿ ಎಲ್ಲಿ ಅದಾವೋ, ಹೇಮಂತಾ?"

"ಹೊಲದಾಗಿನ ಕಸ ಅಲ್ಲೇನ್ ಮಹಾದೇವಕ್ಕ ಅದು? ಕಂಪನಿಗೆ ಕೊಟ್ಟೆ. ನಿನ್ನ ಕೂಲಿ ಎಷ್ಟಾತು ಹೇಳು, ಕೊಡ್ತೀನಿ."

"ರೊಕ್ಕಾ ಒಲ್ಯಾಗ ಹಾಕಿ ರೊಟ್ಟಿ ಸುಡ್ಲೇನು?"

ಅವನು ಮೊಬೈಲು ನೋಡತೊಡಗಿದ. ನನಗೆ ಹೆಚ್ಚು ಸಿಟ್ಟು ಬಂದದ್ದು ಶಂಕ್ರಪ್ಪನವರ ಮೇಲೆ. ಜೀವಮಾನವೆಲ್ಲ ಆ ಪದ್ಧತಿ ನಡೆಸಿಕೊಂಡು ಬಂದ ಮನುಷ್ಯ ಅಲ್ಲೇ ಕಟ್ಟೆಯ ಮೇಲೆ ಕೂತು ಎಲೆ ಮಡಚುತ್ತ, "ಹೋಗ್ಲಿ ಬಿಡು ಯವ್ವಾ, ಹುಡುಗರು" ಎಂದರು. ಹುಡುಗನಿಗೆ ಮೂವತ್ತಾರು ವರ್ಷ.

ನಾಲ್ಕೇ ದಿನಕ್ಕೆ ಆ ಕಂಪನಿಯವರು ನಮ್ಮ ಶಾಲೆಯ ಅಂಗಳದಲ್ಲಿ ಸಭೆ ಇಟ್ಟರು. ಗಿಡಮರ ಉಳಿಸುವ ಮಾದರಿ ರೈತನೆಂದು ಹೇಮಂತನಿಗೆ ಶಾಲು, ಹಾರ. ಸನ್ಮಾನಪತ್ರ ಬರೆಯಿರಿ ಎಂದು ಹೆಡ್ಮಾಸ್ತರು ನನಗೆ ಹೇಳಿದರು. ಎಲ್ಲ ಗೊತ್ತಿದ್ದೂ ಬರೆದೆ. ಉರುವಲಿಗಾಗಿ ಇನ್ನು ಮುಂದೆ ಒಂದು ಮರಕ್ಕೂ ಕೊಡಲಿ ಬೀಳದು ಎಂದು ಮೈಕಿನಲ್ಲಿ ಓದಿದೆ. ಚಪ್ಪಾಳೆ ಬಿತ್ತು. ನನ್ನ ಬಗ್ಗೆ ನನಗೇ ಹೇಸಿಕೆಯಾಯಿತು, ಆದರೂ ನಿಲ್ಲಿಸಲಿಲ್ಲ.

ಸಂಜೆ ರೊಟ್ಟಿ ತರಲು ಹೋದಾಗ ಮಹಾದೇವಕ್ಕ ಹಿತ್ತಲಿನಲ್ಲಿ ಸೀರೆ ಎತ್ತಿ ಕಟ್ಟಿ ಬೇವಿನಮರ ಕಡಿಯುತ್ತಿದ್ದಳು. ಅವಳ ಗಂಡ ನೆಟ್ಟ ಮರ. ದೊಡ್ಡ ಟೊಂಗೆ ಅರ್ಧ ಮುರಿದು ಮನೆಯ ತಗಡಿನ ಮಾಡಿನ ಕಡೆ ಜೋತಿತ್ತು.

"ಬ್ಯಾಡ ಮಹಾದೇವಕ್ಕ," ಎಂದೆ.

ಅವಳು ತಿರುಗಿ ನೋಡಿದಳು. "ನೀವು ಓದಿದ್ದು ಇಲ್ಲೀತನಾ ಕೇಳಿಸ್ತು, ಅಕ್ಕೋರ. ಮನ್ಯಾಗ ಎಂಟ ದಿನದ್ದ ಕಟಿಗಿ ಉಳದೈತಿ. ಆಮ್ಯಾಲ ನಿಮಗ ರೊಟ್ಟಿ ಬೇಕೋ ಬ್ಯಾಡೋ?"

ಅವಳು ಕೊಡಲಿಯಿಂದ ಜೋತ ಟೊಂಗೆಯನ್ನು ತೋರಿಸಿದಳು.

"ಬೇಕಂದ್ರ ಬರ್ರಿ. ಟೊಂಗಿ ಹಿಡೀರಿ, ತಗಡಿನ ಮ್ಯಾಲ ಬೀಳ್ತೈತಿ."

ಬ್ಯಾಗು ಕೆಳಗಿಟ್ಟು ಎರಡೂ ಕೈಯಿಂದ ಟೊಂಗೆ ಹಿಡಿದುಕೊಂಡೆ. ಅವಳು ಕೊಡಲಿ ಎತ್ತಿದಳು.