ಪತ್ರದೊಳಗಿನ ಆದಿ

ನಮ್ಮ ಕಡೆ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹೊಲ ಒಲವಾಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ, ಹಾದಿ ಆದಿಯಾಗುತ್ತದೆ. ಹತ್ತನೆಯ ತರಗತಿಯವರೆಗೆ ಓದಿದ ನಾನು ಮಾತ್ರ ಹಕಾರವನ್ನು ಎದೆಯಿಂದ ಎಳೆದು ಹೇಳುತ್ತಿದ್ದೆ. ಓದಿದವನ ಬಾಯಲ್ಲಿ ಗಾಳಿ ಜಾಸ್ತಿ ಎಂದು ಮನೆಯವರು ನಗುತ್ತಿದ್ದರು. ಅಂಥ ನಾನು ಒಂದೇ ಒಂದು ಸಲ, ಅದೂ ಬೇಕೆಂದೇ, ಹಕಾರವನ್ನು ಬಿಟ್ಟೆ. ಅದರಿಂದ ಹನ್ನೊಂದು ಮನೆಗಳ ದಾರಿ ಹೋಯಿತು.

ತಾಳವಾಡಿಯಿಂದ ದೊಡ್ಡಗಾಜನೂರಿನ ಕಡೆಗೆ ಹೋಗುವ ಟಾರು ರಸ್ತೆಗೆ ಅಂಟಿಕೊಂಡಂತೆ ನಮ್ಮ ಹೊಲ. ಹೊಲದ ಹಿಂದೆ ಕೂಲಿಯವರ ಕೇರಿ. ಕೇರಿಯವರು ರಸ್ತೆಗೆ ಬರಲು ನಮ್ಮ ಹೊಲದ ನಡುವೆ ಒಂದು ಗಾಡಿ ಹಿಡಿಸುವಷ್ಟು ಹಾದಿ ಇತ್ತು. ಅಜ್ಜ ಬಿಟ್ಟದ್ದು. ಅದಕ್ಕೆ ಕಾಗದವೆಂಬುದು ಇರಲಿಲ್ಲ. ನನಗೂ ತಮ್ಮನಿಗೂ ಹೊಲ ಪಾಲಾಗುವಾಗ, ಇನ್ನು ಮುಂದೆ ಕಾಗದದಲ್ಲೂ ಇರಲಿ ಎಂದು ಅಪ್ಪ ಹಟ ಹಿಡಿದರು. ಪಾಲಿನಲ್ಲಿ ಹಾದಿ ಇದ್ದ ಭಾಗ ನನಗೆ ಬಂದಿತ್ತು.

ಅಪ್ಪನಿಗೆ ಕನ್ನಡದಲ್ಲಿ ಸಹಿ ಹಾಕಲು ಬರುತ್ತಿತ್ತು, ಅಷ್ಟೇ. ನಮ್ಮದು ತಮಿಳುನಾಡಿಗೆ ಸೇರಿದ ಗಡಿ ಸೀಮೆ, ಪತ್ರ ತಮಿಳಿನಲ್ಲಿ ಆಗಬೇಕು. ಪತ್ರ ಬರೆಯುವವರು ಘಾಟಿಯ ಕೆಳಗಿನಿಂದ ಬಂದ ಮುದುಕರು, ಕನ್ನಡ ಅರ್ಧಂಬರ್ಧ. ನಡುವೆ ನಾನು, ಎರಡೂ ಭಾಷೆ ಬಲ್ಲ ಮಗ.

"ನಡುವ ಆದಿ ಬುಟ್ಟು ಬರ್ಸು ಕಣ್ಲಾ," ಎಂದರು ಅಪ್ಪ. "ಆ ಜನ ಇನ್ನೆಲ್ಲಿಂದ ಓಡಾಡಾರು?"

ಮುದುಕರು ಲೇಖನಿ ಎತ್ತಿ ನನ್ನ ಮುಖ ನೋಡಿದರು. "ಆದಿಯಾ? ಎನ್ನ ಆದಿ?"

ಯಾವ ಆದಿ ಎಂದು ಕೇಳಿದ್ದರು. ತಮಿಳಿನಲ್ಲಿ ಹಾದಿಗೆ ಪಾದೈ ಎನ್ನಬೇಕೆಂದು ನನಗೆ ಗೊತ್ತಿತ್ತು. ಆದಿ ಎಂದರೆ ಅವರಿಗೆ ಮೊದಲು ಎಂದರ್ಥ. "ಅದೇ, ಆದಿ. ಮೊದಲಿನಿಂದಲೂ ಇದ್ದದ್ದು," ಎಂದೆ. ಅದು ಸುಳ್ಳೂ ಅಲ್ಲ ಎಂದು ಆ ಕ್ಷಣದಲ್ಲೇ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದು ನೆನಪಿದೆ. ಹಾದಿಯೂ ಮೊದಲಿನಿಂದ ಇತ್ತಲ್ಲ.

ಮುದುಕರು ಬರೆದರು: ಆದಿಯಿಲಿರುಂದು ಅನುಭವಿತ್ತು ವರುಂ ನಿಲಂ. ಮೊದಲಿನಿಂದಲೂ ಅನುಭವಿಸಿಕೊಂಡು ಬಂದ ಜಮೀನು. ಹೀಗೆ, ಬೇರೆಯವರಿಗೆ ಬಿಡಬೇಕಾದ ಹಾದಿ ನನ್ನ ಅನುಭವಕ್ಕೆ ಪುರಾವೆಯಾಯಿತು. ಓದಿ ಹೇಳಿದಾಗ ಅಪ್ಪನ ಕಿವಿಗೆ ಆದಿ ಎಂಬುದು ಬಿತ್ತು. ತೃಪ್ತಿಯಿಂದ ತಲೆಯಾಡಿಸಿ ಸಹಿ ಹಾಕಿದರು. ತಮ್ಮ ಹೊರಗೆ ಎಲೆಯಡಿಕೆ ಹಾಕುತ್ತಿದ್ದವನು ಬಂದು ತಾನೂ ಹಾಕಿದ.

ಕೇರಿಯವರು ನಮ್ಮ ಮನೆಯ ಗಂಡಸರನ್ನು ಬುದ್ದಿ ಎಂದು ಕರೆಯುವುದು ವಾಡಿಕೆ. ನಾನಂತೂ ಆ ದಿನ ಬುದ್ಧಿಯನ್ನೇ ಉಪಯೋಗಿಸಿದೆ.

ಹಾದಿಯನ್ನು ಒಮ್ಮೆಲೇ ಮುಚ್ಚಲಿಲ್ಲ. ಅಷ್ಟು ಕೆಟ್ಟವನಲ್ಲ ಎಂದುಕೊಂಡಿದ್ದೆ. ಅಪ್ಪ ತೀರಿಕೊಂಡ ಮೇಲೆ ವರ್ಷಕ್ಕೆ ಒಂದೊಂದು ಸಾಲು ಒತ್ತಿ ಉಳುತ್ತ ಬಂದೆ. ಗಾಡಿ ಹಾದಿ ಕಾಲುಹಾದಿಯಾಯಿತು, ಕಾಲುಹಾದಿ ಬದುವಾಯಿತು. ಹಾಗೆ ಸಿಕ್ಕ ನೆಲದಲ್ಲಿ ಕೋಸಿನ ಸಸಿ ನೆಡಲು ಬರುತ್ತಿದ್ದವರು ಕೇರಿಯ ಹೆಂಗಸರೇ. ತಮ್ಮ ದಾರಿಯ ಮೇಲೆ ತಾವೇ ಬಗ್ಗಿ ನೆಟ್ಟು, ಸಂಜೆ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ಮನೆಗೆ ಹೋಗುತ್ತಿದ್ದರು. ಯಾರೂ ಜಗಳಕ್ಕೆ ಬರಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದು ತಿಳಿದಿದ್ದೆ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ, ಹೀಗೆ ನೆಡಲು ಬರುವವಳೊಬ್ಬಳ ಗಂಡ ಮಾಡಿನ ಹೆಂಚು ಸರಿಮಾಡಲು ಹತ್ತಿ ಬಿದ್ದು ಸೊಂಟ ಮುರಿದುಕೊಂಡ. ಆಂಬುಲೆನ್ಸು ಟಾರು ರಸ್ತೆಯಲ್ಲೇ ನಿಂತಿತು. ನಾಲ್ವರು ಅವನನ್ನು ಮಂಚದ ಸಮೇತ ಹೊತ್ತು ಬದುವಿನ ಮೇಲೆ ತಂದರು. ಬದು ಇಬ್ಬರಿಗೆ ಸಾಲದು. ಎಡಗಡೆಯವರು ನನ್ನ ಕೋಸನ್ನು ತುಳಿಯಬೇಕಾಯಿತು. "ಕೋಸು ಓದ್ವಲ್ಲಾ ಬುದ್ದಿ," ಎಂದು ಹೊತ್ತವನೊಬ್ಬ ನನಗೇ ಸಮಾಧಾನ ಹೇಳಿದ.

ಅವನು ಬದುಕಿದ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕು, ತಿಂಗಳಿಗೊಮ್ಮೆ ಮಂಚ. ಅವನ ಹೆಂಡತಿ ಪಂಚಾಯಿತಿಗೆ ಅಲೆದಳು. ರಸ್ತೆ ಹಾಕುತ್ತೇವೆ, ಹಾದಿ ಇತ್ತು ಎನ್ನುವುದಕ್ಕೆ ದಾಖಲೆ ತನ್ನಿ, ಬರುವ ತಿಂಗಳ ಪಟ್ಟಿಗೆ ಸೇರಿಸಬೇಕು ಎಂದರಂತೆ. ಆಕೆ ನೇರ ನಮ್ಮ ಜಗಲಿಗೆ ಬಂದಳು.

"ನಿಮ್ಮಪ್ಪಾರು ಪತ್ರದಲ್ಲೇ ಆದಿ ಬುಟ್ಟವ್ರ ಅಂತ ನಮ್ಮತ್ತ ಏಳೋರು. ಅದ ಒಸಿ ತಗ್ಸಿ ಕೊಡಿ ಬುದ್ದಿ. ಇವ್ನ ಎಷ್ಟು ದಿನ ಅಂತ ಎಣ ಒತ್ತಂಗ ಒರೋದು?"

ಅಸಲು ಪತ್ರ ಒಳಗೆ ಟ್ರಂಕಿನಲ್ಲಿತ್ತು. "ಎಲ್ಲಿ ಹೋಯ್ತೋ ಕಣವ್ವ, ಗೆದ್ದಲು ತಿಂದದೇನೋ. ನಕಲು ತೆಗೆಸಬೇಕು," ಎಂದೆ. ಸಿಗಲಿಕ್ಕಿಲ್ಲ ಎಂಬ ಆಸೆ. ಸಿಕ್ಕರೆ ಅದರಲ್ಲಿ ಹಾದಿ ಯಾಕಿಲ್ಲ ಎಂಬ ಪ್ರಶ್ನೆ ಏಳುತ್ತಿತ್ತು. ಸಿಗದಿದ್ದರೆ ಹುಡುಕಿಕೊಟ್ಟ ಪುಣ್ಯವಾದರೂ ನನ್ನದಾಗುತ್ತಿತ್ತು.

ಹೀಗೆ ನಾನೂ ಆಕೆಯೂ ಒಂದೇ ಬಸ್ಸಿನಲ್ಲಿ ತಾಳವಾಡಿಗೆ ಹೋಗಿ, ನನಗೆ ಬಾಯಿಪಾಠವಾಗಿದ್ದ ಪತ್ರವನ್ನು ಹುಡುಕಲು ಶುರುಮಾಡಿದೆವು. ಗ್ರಾಮ ಲೆಕ್ಕಿಗರ ಅಡಂಗಲ್ ಪುಸ್ತಕದಲ್ಲಿ ನನ್ನ ಬೆಳೆಗಳೆಲ್ಲ ಇದ್ದವು, ಹಾದಿ ಇರಲಿಲ್ಲ. ತಾಲ್ಲೂಕು ಕಚೇರಿಯ ನಕಾಶೆಯಲ್ಲಿ ಹೊಲದ ನಾಲ್ಕು ಗೆರೆ ಇತ್ತು, ನಡುವೆ ಬಿಳಿ. ಕೊನೆಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಲ್ಲಂಗಕ್ಕೆ ಅರ್ಜಿ ಹಾಕಿದೆವು. ಜಮೀನಿನ ಮೇಲೆ ಯಾವ ಯಾವ ಪತ್ರ ಆಗಿದೆ ಎಂದು ತಿಳಿಸುವ ಕಾಗದ ಅದು. ತಮಿಳಿನಲ್ಲಿ ವಿಲ್ಲಂಗವೆಂದರೆ ಕಿತಾಪತಿ ಎಂದೂ ಆಗುತ್ತದೆ. ಅರ್ಜಿಯಲ್ಲಿ ನನ್ನ ಹೆಸರು, ಅದರ ಮುಂದೆ ಆ ಪದ.

ಹಳೆಯ ಪತ್ರ, ಕಂಪ್ಯೂಟರಿನಲ್ಲಿ ಇಲ್ಲ, ಪುಸ್ತಕ ನೋಡಬೇಕು ಎಂದಾಗ ಜೀವ ಬಂತು. ಸರ್ಕಾರಿ ಕೆಲಸ ನಿಧಾನ ಎಂದು ಬೈಯುವವರಲ್ಲಿ ನಾನೂ ಒಬ್ಬ. ಈ ಸಲ ಮಾತ್ರ ಆ ನಿಧಾನವನ್ನೇ ನಂಬಿದ್ದೆ. ಗುಮಾಸ್ತೆ ಮೂರನೆಯ ದಿನಕ್ಕೇ ಹುಡುಕಿ, ನಕಲು ಮಾಡಿಸಿ, ಮುದ್ರೆ ಒತ್ತಿ ಕೈಗಿಟ್ಟಳು. ಕೆಲಸದಲ್ಲಿ ಅಷ್ಟು ಶ್ರದ್ಧೆ ಇರುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಕಚೇರಿಯ ಎದುರಿನ ತಗಡಿನ ಚಪ್ಪರದಲ್ಲಿ ಪತ್ರ ಬರೆಯುವ ಹೆಂಗಸೊಬ್ಬರು ಕೂರುತ್ತಾರೆ. ಕನ್ನಡಕ ಏರಿಸಿಕೊಂಡು ಜೋರಾಗಿ ಓದಿದರು. ಸಂತೆಯ ತಮಿಳು ನನ್ನ ಜೊತೆಯವಳಿಗೆ ನೀರು ಕುಡಿದಷ್ಟು ಸುಲಭ. ಪತ್ರದ ತಮಿಳು ಬೇರೆಯೇ. ಏನೂ ಹತ್ತದೆ ಕೂತಿದ್ದವಳು ಆದಿಯಿಲಿರುಂದು ಎಂದು ಕಿವಿಗೆ ಬಿದ್ದದ್ದೇ ಎದ್ದು ನಿಂತಳು.

"ಅಲ್ಲೇ ಅದ ನೋಡಿ ಬುದ್ದಿ, ಆದಿ ಅಂದ್ರು. ನಾ ಏಳ್ನಿಲ್ವ? ನಮ್ಮತ್ತ ಸುಳ್ಳು ಏಳೋಳಲ್ಲ ಕಣಿ."

ಬರೆಯುವಾಕೆ ನಕ್ಕರು. "ಅಯ್ಯೋ, ಅದು ನಿಮ್ಮ ಆದಿ ಅಲ್ಲಮ್ಮ. ಮೊದಲಿಂದ ಇವರದೇ ಜಮೀನು ಅಂತ ಬರೆದದೆ. ಪಾದೈ ಅಂತ ಎಲ್ಲೂ ಇಲ್ಲ."

"ಇನ್ನೊಂದ್ಸಲ ಓದಿ ಅಕ್ಕ."

ಅವರು ಇನ್ನೊಂದು ಸಲ ಓದಿದರು. ಈಕೆ ಕೂತಳು. ಕಾಗದವನ್ನು ಕೈಗೆ ತೆಗೆದುಕೊಂಡು, ತಮಿಳಕ್ಷರ ಬಾರದಿದ್ದರೂ, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದಳು. ಹಾದಿ ಯಾವುದಾದರೂ ಮೂಲೆಯಲ್ಲಿ ಬಿದ್ದಿರಬಹುದು ಎಂಬಂತೆ. "ಅಂಗಾರ ಅವ್ರು ಬುಡ್ನಿಲ್ಲ ಅಂತಾಯ್ತು," ಎಂದಳು.

ಇಷ್ಟಕ್ಕೆ ಎದ್ದು ಬಸ್ಸು ಹತ್ತಬಹುದಿತ್ತು. ಕಾಗದ ನನ್ನ ಕಡೆಗೇ ಇತ್ತು. ಆದರೆ ಆಕೆ ಬುಡ್ನಿಲ್ಲ ಎಂದದ್ದು ಅಪ್ಪನನ್ನು. ನನ್ನ ಕಳವು ಸತ್ತವರ ತಲೆಗೆ ಹೋಗುತ್ತಿತ್ತು. ಅದನ್ನು ನೋಡಿಕೊಂಡು ಕೂರಲು ಆಗಲಿಲ್ಲ. ನನ್ನಲ್ಲಿ ಉಳಿದಿದ್ದ ಮರ್ಯಾದೆ ಅಷ್ಟೇ ಎಂದು ಕಾಣುತ್ತದೆ, ಕೇರಿಗಾಗಿ ಏಳದ ನಾಲಿಗೆ ಅಪ್ಪನ ಹೆಸರಿಗೆ ಎದ್ದಿತು.

"ಅಪ್ಪ ಹಾದಿ ಬಿಟ್ಟಿದ್ದರು ಕಣವ್ವ. ಬರೆಸುವಾಗ ತಪ್ಪಿಸಿದವನು ನಾನು."

"ಗೊತ್ತಿಲ್ದ ತಪ್ಪುದ್ರಾ, ಗೊತ್ತಿದ್ದಾ?"

"ಗೊತ್ತಿದ್ದು."

ಬರೆಯುವಾಕೆ ಕನ್ನಡಕ ತೆಗೆದು ಒರೆಸತೊಡಗಿದರು. ಈಕೆ ನನ್ನನ್ನು ಬಿಟ್ಟು ಅವರನ್ನು ಕೇಳಿದಳು: "ಈಗ ಬರುದ್ರ ರಸ್ತ ಆಯ್ತದಾ? ಪಟ್ಟಿಗ ಸೇರ್ತದಾ?"

ನಾನು ಅಳು ಬಂದರೆ ಹೇಗೆ ತಡೆಯುವುದು ಎಂದು ಯೋಚಿಸುತ್ತಿದ್ದೆ. ನನ್ನ ಅಳುವಿಗೆ ಅಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ.

"ಹಳೇ ಪತ್ರ ತಿದ್ದಿಸೋಣ," ಎಂದೆ. ಹಾಗಾಗುವುದಿಲ್ಲ ಎಂದರು ಬರೆಯುವಾಕೆ. ಅದಕ್ಕೆ ಸಹಿ ಹಾಕಿದ ಮೂವರೂ ಬರಬೇಕು. ಅಪ್ಪ, ತಮ್ಮ ಇಬ್ಬರೂ ಮಣ್ಣಾಗಿದ್ದಾರೆ, ಅವರ ವಾರಸುದಾರರನ್ನೆಲ್ಲ ಕಲೆಹಾಕುವಷ್ಟರಲ್ಲಿ ಪಟ್ಟಿ ಮುಗಿದಿರುತ್ತದೆ. ಸುಲಭದ ದಾರಿ ಒಂದೇ: ಪಂಚಾಯಿತಿಯ ಹೆಸರಿಗೆ ದಾನಪತ್ರ.

"ದಾನ ಬೇಡ," ಎಂದೆ. "ಕದ್ದದ್ದನ್ನು ವಾಪಸು ಕೊಡುತ್ತಿದ್ದೇನೆ ಎಂದು ಬರೆಯಿರಿ."

"ಅಂಥ ಪತ್ರ ಇಲ್ಲ ಸಾರ್. ಕ್ರಯ ಇದೆ, ಅಡಮಾನ ಇದೆ, ಪಾಲು ಇದೆ, ದಾನ ಇದೆ. ಕದ್ದದ್ದು ಅಂತ ಬರೆದರೆ ಯಾವುದರಲ್ಲಿ ಪದಿವು ಮಾಡ್ತಾರೆ?"

"ದಾನವೇ ಆಗ್ಲಿ ಬುಡಿ," ಎಂದಳು ಈಕೆ. "ಎಸ್ರು ಏನಾದ್ರೂ ಇರ್ಲಿ, ಗಾಡಿ ಬಂದ್ರ ಸಾಕು. ಪಾದೈ ಅಂತ್ಲೇ ಬರೀರಿ. ಅಗಲನೂ ಆಕಿ. ಇವ್ರಿಗ ಒಂದ್ ಮಾತೂ ಕೇಳ್ಬೇಡಿ."

ಪದಿವು, ಅಂದರೆ ನೋಂದಣಿ, ಮುಂದಿನ ವಾರ ಆಯಿತು. ಊರ ಜನರ ಒಳಿತನ್ನು ಬಯಸಿ, ಮನಃಪೂರ್ವಕವಾಗಿ ಕೊಟ್ಟಿದ್ದಾರೆ ಎಂದು ಪತ್ರದಲ್ಲಿದೆ. ಕ್ಯಾಮೆರಾದ ಎದುರು ಕೂತು ಬೆರಳೊತ್ತಿದೆ. ಸಾಕ್ಷಿ ಹಾಕಲು ಇಬ್ಬರು ಬೇಕಿತ್ತು. ಒಬ್ಬರು ಪಂಚಾಯಿತಿ ಸದಸ್ಯರು, ಇನ್ನೊಬ್ಬಳು ಆಕೆ.

"ಯಾರ ಒತ್ತಾಯವೂ ಇಲ್ಲದೆ ಕೊಡುತ್ತಿದ್ದೀರಾ?" ಎಂದು ಅಧಿಕಾರಿ ಕೇಳಿದರು. ಹೌದು ಎಂದೆ. ಆಕೆಯ ಕಡೆ ತಿರುಗಿ, "ಇವರು ನಿಮಗೆ ಗೊತ್ತಾ?" ಎಂದರು.

ಸಾಕ್ಷಿಗಳನ್ನೆಲ್ಲ ಕೇಳುವ ಪ್ರಶ್ನೆ ಅದು. ಗೊತ್ತು ಎಂದು ಥಟ್ಟನೆ ಹೇಳಿಬಿಡುತ್ತಾರೆ. ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಈಚ್ಗ ಗೊತ್ತಾಯ್ತು ಸ್ವಾಮಿ," ಎಂದು ಹೇಳಿ, ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡಿದಳು.

ಅಳತೆಯವರು ಬಂದು ಕಲ್ಲು ನೆಟ್ಟರು, ರಸ್ತೆಯೂ ಆಯಿತು. ಅವಳ ಗಂಡನನ್ನು ಈಗ ಮನೆಯ ಬಾಗಿಲಿನಿಂದಲೇ ಆಟೋದಲ್ಲಿ ಕೂರಿಸುತ್ತಾರೆ. ದಾನಿ ಎಂದು ನನಗೆ ಶಾಲು ಹೊದಿಸಲು ಪಂಚಾಯಿತಿಯವರು ಬಂದರು. ಮಂಡಿನೋವು ಎಂದು ಹೇಳಿ ಒಳಗೇ ಉಳಿದೆ. ದೊಡ್ಡವರ ಗುಣ, ಹೊಗಳಿಕೆ ಬೇಡುವುದಿಲ್ಲ ಎಂದು ಜಗಲಿಯಲ್ಲಿ ಮಾತಾಡಿಕೊಂಡರು. ಶಾಲನ್ನು ಸೊಸೆಯ ಕೈಗೆ ಕೊಟ್ಟು ಹೋದರು.

ಆಕೆ ಈ ವಿಷಯವನ್ನು ಊರಲ್ಲಿ ಯಾರಿಗೂ ಹೇಳಿದಂತಿಲ್ಲ. ಕ್ಷಮಿಸಿದಳೋ, ಹೇಳಲು ಹೊತ್ತಿಲ್ಲವೋ ತಿಳಿಯದು. ನಮ್ಮ ಹೊಲಕ್ಕೆ ಸಸಿ ನೆಡಲು ಬರುವುದನ್ನು ಮಾತ್ರ ನಿಲ್ಲಿಸಿದ್ದಾಳೆ. ಎದುರಿಗೆ ಸಿಕ್ಕರೆ ಬುದ್ದಿ ಎನ್ನುವುದಿಲ್ಲ. ಚೆನ್ನಾಗಿದ್ದೀರಾ ಎಂದು ಕೇಳಿ, ರಸ್ತೆಯ ನಡುವೆಯೇ ನಡೆದು ಹೋಗುತ್ತಾಳೆ. ನಾನು ಬದಿಗೆ ಸರಿದು ನಿಲ್ಲುತ್ತೇನೆ.