ಅರಿಶಿನ ಕುಂಕುಮದ ದಿನ ಬಂದ ನೀರಿನ ಮೆಷಿನ್

ಹೋದ ವರ್ಷ ಶ್ರಾವಣದ ಕೊನೆಯ ಶುಕ್ರವಾರ ನಡೆದದ್ದು ಇದು. ಅನ್ನಪೂರ್ಣೇಶ್ವರಿ ನಗರದಲ್ಲಿ ನಮ್ಮ ಮನೆ. ಬೀದಿಯ ಹೆಂಗಸರಿಗೆಲ್ಲ ನಾನು ಒಂಥರಾ ಲೀಡರ್. ಕಸದ ಗಾಡಿ ಬರದಿದ್ದರೆ, ಬೀದಿ ದೀಪ ಹತ್ತದಿದ್ದರೆ ಆಫೀಸಿಗೆ ಫೋನ್ ಮಾಡಿ ಜಗಳ ಆಡುವವಳು ನಾನೇ. ಲಂಚ ಅಂದರಂತೂ ನನಗೆ ಮೈಯೆಲ್ಲ ಉರಿಯುತ್ತದೆ. ಟಿವಿಯಲ್ಲಿ ಯಾರಾದರೂ ಅಧಿಕಾರಿ ಸಿಕ್ಕಿಬಿದ್ದ ಸುದ್ದಿ ಬಂದರೆ, "ಇವರಿಗೆಲ್ಲ ಅನ್ನ ಹೆಂಗೆ ಗಂಟಲಲ್ಲಿ ಇಳಿಯುತ್ತೋ!" ಎಂದು ಒಲೆಯ ಮೇಲಿನ ಸಾರು ಉಕ್ಕುವ ತನಕ ಬೈಯುತ್ತೇನೆ. ಇಂಥ ನಾನು ಏನು ಮಾಡಿದೆ ಕೇಳಿ.

ಆ ಶುಕ್ರವಾರಕ್ಕೆ ಒಂದು ವಾರ ಮುಂಚೆ ನೀರು ಶುದ್ಧ ಮಾಡುವ ಮೆಷಿನ್ ಮಾರುವ ಕಂಪನಿಯವನೊಬ್ಬ ಟೈ ಕಟ್ಟಿಕೊಂಡು ಬಂದ. ಪ್ರಶಾಂತ್ ಎಂದು ಹೆಸರು ಹೇಳಿಕೊಂಡ. "ಆಂಟಿ, ಈ ರೋಡಲ್ಲಿ ನೀವು ಹೇಳಿದ್ರೆ ಎಲ್ರೂ ಕೇಳ್ತಾರಂತೆ. ಒಂದ್ ಹತ್ತು ಜನ ಲೇಡೀಸ್‌ನ ಸೇರಿಸಿ ಕೊಡಿ, ಡೆಮೋ ಮಾಡ್ತೀನಿ. ನಿಮಗೆ ಒಂದು ಮೆಷಿನ್ ಪೂರ್ತಿ ಫ್ರೀ. ಇದು ನಮ್ಮಿಬ್ಬರ ಮಧ್ಯೆ ಇರ್ಲಿ" ಎಂದ.

ನಮ್ಮ ಯಜಮಾನರು ಪೇಪರ್ ಮರೆಯಿಂದಲೇ, "ಪುಕ್ಸಟ್ಟೆ ಸಿಕ್ಕಿದ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ" ಎಂದು ಗೊಣಗಿದರು. "ನೀವು ಸುಮ್ನಿರಿ. ಇದು ಗಿಫ್ಟು" ಎಂದೆ.

ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಕರೆದರೆ ಬರಲ್ಲ ಅನ್ನುವವರು ಕಡಿಮೆ. ಬಂದ ಮೇಲೆ ಆ ಮನೆಯಲ್ಲಿ ಕೂತು ಕೊಂಕು ಮಾತಾಡುವುದೂ ಇಲ್ಲ. ಇದಕ್ಕಿಂತ ಒಳ್ಳೆ ದಿನ ಸಿಗಲ್ಲ ಎಂದು ನಾನೇ ಪ್ರಶಾಂತನನ್ನು ಅವತ್ತಿಗೆ ಕರೆದೆ. ಎಂಥ ಬುದ್ಧಿ ನೋಡಿ ನನ್ನದು! ದೇವರ ಹೆಸರಿನಲ್ಲಿ ಗಿರಾಕಿಗಳನ್ನು ಸೇರಿಸುತ್ತಿದ್ದೇನೆ ಎಂದು ಆಗ ಹೊಳೆಯಲೇ ಇಲ್ಲ.

ಸಂಜೆ ಹನ್ನೆರಡು ಜನ ಬಂದರು. ನಮ್ಮ ಮನೆಯಲ್ಲಿ ಪಾತ್ರೆ ತೊಳೆದು ಕೊಡುವ ಮಂಜುಳಾಳನ್ನೂ ಕರೆದಿದ್ದೆ. ಆರು ವರ್ಷದ ಮಗಳು ಚಂದನಾಳನ್ನು ಜೊತೆಯಲ್ಲಿ ಕರೆತಂದಿದ್ದಳು. ಆ ಮಗುವಿಗೆ ತಿಂಗಳಿಂದ ಹೊಟ್ಟೆನೋವು. ಏನು ತಿಂದರೂ ಹೊಟ್ಟೆ ಹಿಡಿದುಕೊಂಡು ಮುದುರಿಕೊಳ್ಳುತ್ತಿತ್ತು.

ಪ್ರಶಾಂತನ ಜೊತೆಗೆ ಮೆಕ್ಯಾನಿಕ್ ಒಬ್ಬರು ಬಂದಿದ್ದರು. ನಂಜುಂಡಪ್ಪ ಎಂದು, ಐವತ್ತೈದರ ಆಸುಪಾಸು, ಕೆಂಗೇರಿ ಕಡೆಯವರು. ಮಾತು ಕಡಿಮೆ. ನನ್ನ ಫ್ರೀ ಮೆಷಿನ್ ಕೂರಿಸಲು ನೇರ ಅಡುಗೆ ಮನೆಗೆ ಹೋದರು.

ಹಾಲಿನಲ್ಲಿ ಡೆಮೋ ಶುರುವಾಯಿತು. ಎರಡು ಗಾಜಿನ ಲೋಟ. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಪ್ರಶಾಂತ ತಂದಿದ್ದ ಮೆಷಿನ್ ನೀರು. ಕಬ್ಬಿಣದ ಕಡ್ಡಿಗಳಿದ್ದ ಚಿಕ್ಕ ಪೆಟ್ಟಿಗೆಯೊಂದನ್ನು ಲೋಟಗಳ ಮೇಲಿಟ್ಟು ಪ್ಲಗ್ ಹಾಕಿದ. ನೋಡನೋಡುತ್ತಿದ್ದಂತೆ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಕೆಸರಿನಂಥ ನೊರೆ ಕಟ್ಟಿತು. ಮೆಷಿನ್ ನೀರು ಹಾಗೇ ತಿಳಿಯಾಗಿತ್ತು.

"ನೋಡಿ ಮೇಡಂ, ದಿನಾ ನಿಮ್ಮ ಮಕ್ಕಳಿಗೆ ಕುಡಿಸ್ತಾ ಇರೋದು ಇದನ್ನೇ" ಎಂದ ಪ್ರಶಾಂತ.

"ಅಯ್ಯೋ ಶಿವನೇ!" ಎಂದರು ಎದುರು ಮನೆಯ ಶಾರದಮ್ಮ. ಇನ್ನೊಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಲೋಟವನ್ನೇ ನೋಡುತ್ತ ನಿಂತಿದ್ದ ಮಂಜುಳಾ ನನ್ನ ಹತ್ತಿರ ಬಂದು ಎರಡೂ ಕಿವಿಯ ಓಲೆ ಬಿಚ್ಚಿ ನನ್ನ ಅಂಗೈಗೆ ಹಾಕಿದಳು. "ಅಕ್ಕಾ, ಇದನ್ನ ಎಲ್ಲಾದ್ರೂ ಅಡ ಇಟ್ಟು ನಂಗೂ ಒಂದು ಮೆಷಿನ್ ಕೊಡಿಸಿ. ನನ್ನ ಮಗೂಗೆ ನಾನೇ ವಿಷ ಹಾಕಿದೀನಿ" ಎಂದು ಅಳತೊಡಗಿದಳು.

ನನಗೆ ಪಾಪ ಅನ್ನಿಸಿತು, ಸುಳ್ಳಲ್ಲ. ಆದರೆ ಓಲೆ ವಾಪಸ್ ಕೊಡಲಿಲ್ಲ. ಮಗುವಿಗೆ ಒಳ್ಳೆಯದೇ ಆಗುತ್ತದಲ್ಲ ಎಂದುಕೊಂಡೆ.

ಅಷ್ಟರಲ್ಲಿ ಅಡುಗೆ ಮನೆಯಲ್ಲಿ ಡ್ರಿಲ್ಲಿಂಗ್ ಸದ್ದು ನಿಂತಿತು. ನಂಜುಂಡಪ್ಪ ಬಾಗಿಲಲ್ಲಿ ನಿಂತಿದ್ದರು. ಮಂಜುಳಾಳ ಬರಿ ಕಿವಿಯನ್ನು ನೋಡಿದರು, ನನ್ನ ಅಂಗೈಯನ್ನು ನೋಡಿದರು.

"ಅಮ್ಮಾ, ಒಂದು ಚಿಟಿಕೆ ಉಪ್ಪು ಕೊಡ್ತೀರಾ?" ಎಂದು ಕೇಳಿದರು.

ಯಾಕೆಂದು ತಿಳಿಯದೆ ಉಪ್ಪಿನ ಡಬ್ಬಿಯನ್ನೇ ತಂದುಕೊಟ್ಟೆ. ಪ್ರಶಾಂತನ ಮುಖ ಬಿಳಚಿಕೊಂಡಿತು. "ನಂಜುಂಡಪ್ಪ, ನಿಮ್ಮ ಕೆಲಸ ನೀವು ನೋಡ್ಕೊಳಿ!" ಎಂದು ರೇಗಿದ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ತಿಳಿಯಾಗಿದ್ದ ಮೆಷಿನ್ ನೀರಿಗೆ ಉಪ್ಪು ಹಾಕಿ ಕದಡಿ, ಅದೇ ಪೆಟ್ಟಿಗೆ ಇಟ್ಟು ಪ್ಲಗ್ ಹಾಕಿದರು. ಸ್ವಲ್ಪ ಹೊತ್ತಿಗೆ ಆ ನೀರೂ ಕಂದು ಬಣ್ಣಕ್ಕೆ ತಿರುಗಿ ನೊರೆ ಕಟ್ಟಿತು. ಮೊದಲಿನದಕ್ಕಿಂತ ಹೆಚ್ಚೇ ಕಟ್ಟಿತು ಅನ್ನಿ.

"ಇದು ನೀರಿನ ಕೊಳೆ ಅಲ್ಲ ಕಣಮ್ಮಾ. ಕರೆಂಟಿಗೆ ಈ ಕಬ್ಬಿಣದ ಕಡ್ಡಿ ಕರಗ್ತಾ ಇರೋದು. ನೀರಲ್ಲಿ ಉಪ್ಪಿನ ಅಂಶ ಇದ್ರೆ ಕರೆಂಟ್ ಹರಿಯುತ್ತೆ. ಮೆಷಿನ್ ನೀರಲ್ಲಿ ಅದು ಕಮ್ಮಿ, ಅದಕ್ಕೇ ತಿಳಿಯಾಗಿ ಕಾಣುತ್ತೆ" ಎಂದರು. ಆಮೇಲೆ ಮಂಜುಳಾಳ ಕಡೆ ತಿರುಗಿ, "ಮೆಷಿನ್ ಕೆಟ್ಟದ್ದು ಅಂತಿಲ್ಲ ತಾಯಿ. ಗಡಸು ಬೋರ್ ನೀರು ಬರೋರಿಗೆ ಬೇಕಾಗುತ್ತೆ. ನೀನು ಕಾವೇರಿ ನೀರು ಕಾಯಿಸಿ ಆರಿಸಿ ಕೊಡು. ಓಲೆ ಹಾಕ್ಕೋ. ನಾಳೇನೇ ಮಗೂನ ಡಾಕ್ಟರ್‌ಗೆ ತೋರಿಸು. ನಾನೂ ಮೂರು ವರ್ಷ ಹೀಗೇ ಹೆದರಿಸಿ ಮಾರಿದೀನಿ. ಎಷ್ಟು ಮನೆ ಹೆಣ್ಣುಮಕ್ಕಳು ಅತ್ತಿದಾರೋ, ದೇವರಿಗೇ ಗೊತ್ತು" ಎಂದರು.

"ನಾಳೆಯಿಂದ ಕೆಲಸಕ್ಕೆ ಬರಬೇಡಿ!" ಎಂದು ಕೂಗಿ, ಪೆಟ್ಟಿಗೆ ಎತ್ತಿಕೊಂಡು ಪ್ರಶಾಂತ ಬಿರಬಿರನೆ ಹೊರಟುಹೋದ.

ಆಗ ಶಾರದಮ್ಮ ನನ್ನನ್ನು ನೋಡಿ ಲೊಚಗುಟ್ಟಿದರು. "ಅಯ್ಯೋ ಪಾಪ, ಹಂಗಾದ್ರೆ ಇವರೂ ಮೋಸ ಹೋದ್ರಾ? ಏನಪ್ಪಾ, ಒಳಗೆ ಕೂರಿಸ್ತಿದ್ಯಲ್ಲ, ಅದಕ್ಕೆ ಇವರು ದುಡ್ಡು ಕೊಟ್ಟಾಗಿದ್ಯಾ?" ಎಂದು ನಂಜುಂಡಪ್ಪನವರನ್ನು ಕೇಳಿದರು.

ಅವರಿಗೆ ಎಲ್ಲ ಗೊತ್ತಿತ್ತು. ಅವರ ಕೈಲಿದ್ದ ಚೀಟಿಯಲ್ಲೇ ಫ್ರೀ ಎಂದು ಬರೆದಿತ್ತು.

"ಅದು ಅಮ್ಮಾವ್ರು ಹೇಳಬೇಕಾದ ವಿಷಯ. ನಾನು ನನ್ನ ತಪ್ಪು ಮಾತ್ರ ಹೇಳ್ಕೊಂಡೆ" ಎಂದರು ನಂಜುಂಡಪ್ಪ.

'ಹೂಂ, ನಾನೂ ಮೋಸ ಹೋದೆ' ಎಂದುಬಿಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟೂ ಜನ ನನ್ನನ್ನು ಪಾಪ ಎಂದೇ ನೋಡುತ್ತಿದ್ದರು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅನ್ನ ಕೊಡುವ ಕೆಲಸ ಕಳೆದುಕೊಂಡ ಮನುಷ್ಯ ಎದುರಿಗೆ ತಲೆ ತಗ್ಗಿಸಿ ನಿಂತಿದ್ದರು. ನನ್ನ ಅಂಗೈಯಲ್ಲಿ ಮಂಜುಳಾಳ ಓಲೆ ಇನ್ನೂ ಬೆಚ್ಚಗಿತ್ತು.

"ದುಡ್ಡು ಕೊಟ್ಟಿಲ್ಲ. ನಿಮ್ಮನ್ನೆಲ್ಲ ಸೇರಿಸಿ ಕೊಟ್ಟಿದ್ದಕ್ಕೆ ನಂಗದು ಫ್ರೀ" ಎಂದೆ.

ಶಾರದಮ್ಮ ಉಸಲಿಯ ತಟ್ಟೆ ಕೆಳಗಿಟ್ಟು, ಕುಂಕುಮ ತೆಗೆದುಕೊಳ್ಳದೆ ಹೋದರು. ಅವರ ಹಿಂದೆ ಇನ್ನೂ ನಾಲ್ಕು ಜನ ಹೋದರು. ಉಳಿದವರು ಕೂತರು. ಮಂಜುಳಾಳ ಕಿವಿಗೆ ನಾನೇ ಓಲೆ ಹಾಕಿದೆ. ಅವಳು ನನ್ನ ಮುಖ ನೋಡಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ನಂಜುಂಡಪ್ಪ ಗೋಡೆಯಿಂದ ಮೆಷಿನ್ ಬಿಚ್ಚಿ ಡಬ್ಬದಲ್ಲಿಟ್ಟು, ಕೊರೆದ ತೂತುಗಳನ್ನೂ ನೀಟಾಗಿ ಮುಚ್ಚಿದರು. ಕಾಫಿ ಕೊಟ್ಟೆ. "ಕೆಲಸ ಹೋಯ್ತಲ್ರೀ, ಮನೇಲಿ ಏನು ಹೇಳ್ತೀರಿ?" ಎಂದು ಕೇಳಿದೆ.

"ನಡೆದದ್ದು ಹೇಳ್ತೀನಿ ಅಮ್ಮಾ. ನನ್ನ ಹೆಂಡ್ತಿಗೂ ಗೊತ್ತಿರ್ಲಿಲ್ಲ ನಾನು ಇಂಥ ಕೆಲಸ ಮಾಡ್ತೀನಿ ಅಂತ. ಬೈತಾಳೆ, ಆಮೇಲೆ ಊಟಕ್ಕೆ ಇಡ್ತಾಳೆ" ಎಂದು ನಕ್ಕರು. ಅವತ್ತು ಅವರ ಮುಖದಲ್ಲಿ ನಗು ಕಂಡದ್ದು ಆಗಲೇ.

ಈಗ ಅವರು ಸ್ವಂತಕ್ಕೆ ನಲ್ಲಿ, ಫಿಲ್ಟರ್ ರಿಪೇರಿ ಮಾಡಿಕೊಂಡಿದ್ದಾರೆ. ನಮ್ಮ ಬೀದಿಯವರೆಲ್ಲ ಕರೆಯುವುದು ಅವರನ್ನೇ. ಹೊಸ ನಲ್ಲಿ ಹಾಕಿಸೋಣ ಅಂದರೆ, "ವಾಷರ್ ಹೋಗಿದೆ ಅಷ್ಟೇ" ಎನ್ನುವ ಪುಣ್ಯಾತ್ಮ. ಚಂದನಾಳ ಹೊಟ್ಟೆಯಲ್ಲಿದ್ದದ್ದು ಜಂತುಹುಳ. ಡಾಕ್ಟರ್ ಮಾತ್ರೆ ಕೊಟ್ಟರು, ವಾಸಿಯಾಯಿತು. ಶಾರದಮ್ಮನ ಕೋಪ ಇಳಿಯಲು ಸಂಕ್ರಾಂತಿಯ ಎಳ್ಳು ಬೆಲ್ಲವೇ ಬೇಕಾಯಿತು.

ಆದರೆ ಆ ಶುಕ್ರವಾರದ ಮರುದಿನ ಬೆಳಿಗ್ಗೆಯದೊಂದು ಮಾತಿದೆ. ಮಂಜುಳಾ ಬರುವುದಿಲ್ಲ ಎಂದುಕೊಂಡು ನಾನೇ ಪಾತ್ರೆ ತೊಳೆಯಲು ನಿಂತಿದ್ದೆ. ಬಂದಳು. ನನ್ನ ಕೈಯಿಂದ ಸ್ಕ್ರಬ್ಬರ್ ಇಸಿದುಕೊಂಡು, ತಲೆ ಎತ್ತದೆ ಪಾತ್ರೆ ಉಜ್ಜುತ್ತ ಹೇಳಿದಳು:

"ನಂಗೆ ಮೊದ್ಲೇ ಗೊತ್ತಿತ್ತು ಅಕ್ಕಾ. ಆ ಟೈ ಹಾಕಿದ್ದೋರು ನಿನ್ನೆ ಗೇಟ್ ಹತ್ರಾನೇ ಅಂದಿದ್ರು. ನೀನೂ ನಾಲ್ಕು ಮನೆ ಹಿಡಿ, ನಿಮ್ಮಕ್ಕಂಗೆ ಕೊಟ್ಟಂಗೆ ನಿಂಗೂ ಏನಾದ್ರೂ ಕೊಡ್ತೀನಿ ಅಂತ. ಆ ನೀರು ನೋಡಿದಾಗ ಹೆದರಿಕೇಲಿ ಅದೆಲ್ಲ ಮರೆತೇಹೋಯ್ತು. ಶಾರದಮ್ಮೋರು ಕೇಳಿದಾಗ ನೆನಪಾಯ್ತು. ನೀವು ಹೇಳ್ತೀರೋ ಇಲ್ವೋ ಅಂತ ನೋಡ್ತಾ ನಿಂತಿದ್ದೆ. ಹೇಳ್ದೆ ಇದ್ದಿದ್ರೆ ಇವತ್ತಿಂದ ಬರ್ತಿರ್ಲಿಲ್ಲ."

ಅವಳ ಪಕ್ಕದಲ್ಲೇ ನಿಂತು ತೊಳೆದ ಪಾತ್ರೆಗಳನ್ನು ಒರೆಸಿಟ್ಟೆ. ನಂಜುಂಡಪ್ಪನವರು ಬರದೇ ಹೋಗಿದ್ದರೆ ನಾನು ಏನಾಗಿರುತ್ತಿದ್ದೆ ಎಂದು ಇವತ್ತಿಗೂ ನೆನೆಸಿಕೊಳ್ಳುತ್ತೇನೆ.